ಬಂದೂಕು ಯಾರದು? ‘ನುವಾರ್’ ಕಥನದ ಒಂದು ಓದು

ಜನಪ್ರಿಯ ಕಥನಗಳಲ್ಲಿ ಹೆಣ್ಣಿನ ಕೈಗೆ ಆಯುಧ ಬಂದೊಡನೆ ವಿಮರ್ಶೆಯು ಎರಡು ಸಿದ್ಧ ಉತ್ತರಗಳಲ್ಲಿ ಒಂದನ್ನು ಆಯ್ದುಕೊಳ್ಳುತ್ತದೆ. ಅದು ಸ್ತ್ರೀ ಸಬಲೀಕರಣದ ರೂಪಕ ಎಂಬುದು ಒಂದು. ಪುರುಷನೋಟಕ್ಕಾಗಿ ಅಣಿಗೊಳಿಸಿದ ಸರಕು ಎಂಬುದು ಇನ್ನೊಂದು. ಈ ಎರಡೂ ನಿಲುವುಗಳು ಆಯುಧ ಹಿಡಿದ ದೇಹವನ್ನು ನೋಡುತ್ತವೆಯೇ ಹೊರತು ಆಯುಧ ಆ ಕೈಗೆ ಬಂದ ಬಗೆಯನ್ನು ಕೇಳುವುದಿಲ್ಲ. ಜಪಾನಿನ ಅನಿಮೇಷನ್ ಧಾರಾವಾಹಿಗಳಲ್ಲಿ ಬಂದೂಕುಧಾರಿ ನಾಯಕಿಯರದೇ ಒಂದು ಪರಂಪರೆಯಿದೆ. ಅದರಲ್ಲಿ ‘ನುವಾರ್’ ಈ ಪ್ರಶ್ನೆಯನ್ನೇ ಕಥನದ ಕೇಂದ್ರಕ್ಕೆ ತಂದ ಕೃತಿ ಎಂಬುದು ಪ್ರಸ್ತುತ ಬರಹದ ವಾದ.

೨೦೦೧ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಟಿವಿ ಟೋಕಿಯೊ ವಾಹಿನಿಯಲ್ಲಿ ೨೬ ಕಂತುಗಳಾಗಿ ಪ್ರಸಾರವಾದ ಈ ಧಾರಾವಾಹಿಯನ್ನು ನಿರ್ಮಿಸಿದ್ದು ಬೀ ಟ್ರೇನ್ ಸಂಸ್ಥೆ. ನಿರ್ದೇಶಕ ಕೋಇಚಿ ಮಾಶಿಮೊ, ಸಂಗೀತ ಯುಕಿ ಕಾಜಿಯುರಾ ಅವರದು. ಪ್ಯಾರಿಸ್ಸಿನಲ್ಲಿ ನೆಲೆಸಿರುವ ಮಿರೇಯ್ ಕೊಲೆಯನ್ನೇ ವೃತ್ತಿಯಾಗಿಸಿಕೊಂಡವಳು. ಬಾಲ್ಯದಲ್ಲಿ, ಕಾರ್ಸಿಕಾ ದ್ವೀಪದಲ್ಲಿ, ತನ್ನ ಮನೆಯವರೆಲ್ಲರ ಹತ್ಯೆಯನ್ನು ಕಂಡವಳು. ಜಪಾನಿನ ಹದಿಹರೆಯದ ಹುಡುಗಿ ಕಿರಿಕಾಳಿಗೆ ತಾನು ಯಾರೆಂಬುದೇ ನೆನಪಿಲ್ಲ. ಅವಳ ಶಾಲೆಯ ಗುರುತಿನ ಚೀಟಿ ನಕಲಿ, ಹೆಸರೂ ಅವಳದಲ್ಲ. ಉಳಿದಿರುವುದು ಒಂದು ಪಿಸ್ತೂಲು, ರಾಗ ನುಡಿಸುವ ಒಂದು ಗಡಿಯಾರ ಮತ್ತು ‘ನುವಾರ್’ ಎಂಬ ಒಂದು ಪದ. ಗಡಿಯಾರದ ಆ ರಾಗವೇ ಮಿರೇಯ್‌ಳ ನೆನಪನ್ನೂ ಕೆದಕುತ್ತದೆ. ರಹಸ್ಯ ಬಯಲಾದ ದಿನ ಕಿರಿಕಾಳನ್ನು ಮಿರೇಯ್ ಕೊಲ್ಲಬೇಕೆಂಬ ಒಪ್ಪಂದದ ಮೇಲೆ ಇಬ್ಬರೂ ಜೊತೆಯಾಗುತ್ತಾರೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಕಿರಿಕಾಳ ಕೌಶಲ ಅವಳ ಸ್ಮೃತಿಗಿಂತ ಮೊದಲೇ ಅವಳ ದೇಹದಲ್ಲಿ ನೆಲೆಸಿರುವುದು. ಯಾರೋ ಕಲಿಸಿದ್ದನ್ನು ಕೈ ಮಾಡಿ ಮುಗಿಸುತ್ತದೆ. ಕೊಲ್ಲುವಾಗ ತನಗೇಕೆ ದುಃಖವಾಗುವುದಿಲ್ಲ ಎಂಬ ಪ್ರಶ್ನೆ ಅನಂತರ ಬರುತ್ತದೆ. ಈ ಸಾಮರ್ಥ್ಯವನ್ನು ಸಬಲೀಕರಣವೆಂದು ಕರೆಯುವುದು ಕಷ್ಟ. ಕಲಿಸಿದವರು ‘ಸೊಲ್ದಾ’ ಎಂಬ ಪ್ರಾಚೀನ ಗುಪ್ತಕೂಟದವರು. ಮಿರೇಯ್‌ಳ ಹೆತ್ತವರನ್ನು ಕೊಂದದ್ದು ಇದೇ ಕಿರಿಕಾಳ ಎಳೆಯ ಕೈ ಎಂಬ ಸತ್ಯ ಕೊನೆಗೆ ಹೊರಬೀಳುತ್ತದೆ.

ಆ ಕೈಗೆ ಆಯುಧವಿತ್ತದ್ದು ಪುರುಷನಲ್ಲ, ತಾಯಿಯಂತೆ ಮೃದುವಾಗಿ ಮಾತಾಡುವ ಆಲ್ತೆನಾ ಎಂಬ ಹೆಣ್ಣು. ಸ್ವತಃ ಯುದ್ಧದಲ್ಲಿ ನೊಂದ ಬಾಲೆ ಆಕೆ. ಲೋಕದ ಉದ್ಧಾರದ ಹೆಸರಿನಲ್ಲಿ ಆಕೆ ಮಕ್ಕಳನ್ನು ಸಾವಿನ ಸಾಧನಗಳಾಗಿಸುತ್ತಾಳೆ. ಹಿಂಸೆಯ ಸಂಸ್ಥೆಗೆ ಹೆಣ್ಣಿನ ಮುಖವಿದ್ದರೆ ಅದು ಸಂಸ್ಥೆಯಾಗದೆ ಉಳಿಯುವುದಿಲ್ಲ ಎಂಬ ಈ ತಿಳಿವು ಗಂಡು-ಹೆಣ್ಣೆಂಬ ಸರಳ ವೈರುಧ್ಯಕ್ಕೆ ದಕ್ಕುವಂಥದಲ್ಲ. ೨೦೦೩ರ ‘ಗನ್‌ಸ್ಲಿಂಗರ್ ಗರ್ಲ್’ನಲ್ಲಿ ಇಟಲಿಯ ಸರ್ಕಾರಿ ಸಂಸ್ಥೆಯೊಂದು ಬಾಲಕಿಯರ ದೇಹವನ್ನೇ ಯಂತ್ರವಾಗಿಸುತ್ತದೆ. ಅಲ್ಲಿ ದಬ್ಬಾಳಿಕೆ ಕಣ್ಣಿಗೆ ಕಾಣುತ್ತದೆ. ‘ನುವಾರ್’ನಲ್ಲಿ ಅದು ಮಮತೆಯ ವೇಷದಲ್ಲಿದೆ.

ಆದರೆ ಕೃತಿಯ ಮಿತಿಯನ್ನೂ ಹೇಳಲೇಬೇಕು. ಇಲ್ಲಿ ನೂರಾರು ಗಂಡಸರು ಗುಂಡೇಟಿಗೆ ಉರುಳುತ್ತಾರೆ, ರಕ್ತ ಮಾತ್ರ ಕಾಣುವುದೇ ಇಲ್ಲವೆನ್ನಬೇಕು. ಅವರಿಗೆ ಹೆಸರಿಲ್ಲ, ಮುಖವಿಲ್ಲ. ಕಾಜಿಯುರಾ ಅವರ ಸಂಗೀತ ಈ ಸಾವುಗಳನ್ನು ಬಹುಮಟ್ಟಿಗೆ ನೃತ್ಯವಾಗಿಸಿಬಿಡುತ್ತದೆ. ಇದನ್ನು ಶೈಲಿಯೆಂದು ಮೆಚ್ಚಿ ಸುಮ್ಮನಾಗುವುದು ವಿಮರ್ಶೆಯ ಹೊಣೆಗೇಡಿತನ. ಇದಕ್ಕೆ ಎದುರಾಗಿ ಆರನೆಯ ಕಂತನ್ನು ಇಟ್ಟು ನೋಡಬಹುದು. ಹಿಂದೊಮ್ಮೆ ಒಂದು ಜನಾಂಗದ ಹತ್ಯಾಕಾಂಡಕ್ಕೆ ಕಾರಣನಾದ ವೃದ್ಧನೊಬ್ಬ ಈಗ ನಿರ್ಗತಿಕರನ್ನು ಸಲಹುತ್ತಿದ್ದಾನೆ. ಅವನ ಕಳೆದುಹೋದ ಬೆಕ್ಕನ್ನು ತಂದುಕೊಡುವ ಕಿರಿಕಾಳೇ ಅವನನ್ನು ಕೊಲ್ಲಲು ಬಂದವಳು. ಕೊಲ್ಲಲ್ಪಡುವವನಿಗೆ ಮುಖ ದೊರೆತೊಡನೆ ಗುಂಡಿಗೆ ಭಾರ ಬರುತ್ತದೆ. ಕೃತಿಗೆ ಈ ಶಕ್ತಿ ಇದ್ದೂ ಎಲ್ಲೆಡೆ ಅದನ್ನು ಬಳಸಲಿಲ್ಲ ಎಂಬುದೇ ನನ್ನ ಆಕ್ಷೇಪ.

ಮಾಶಿಮೊ ಅವರ ಅನಂತರದ ಧಾರಾವಾಹಿಗಳಲ್ಲಿ ಎರಡು ಇದೇ ಪ್ರಶ್ನೆಯನ್ನು ಬೇರೆ ದಿಕ್ಕಿಗೆ ಒಯ್ದವು. ‘ಮ್ಯಾಡ್ಲ್ಯಾಕ್ಸ್’ನಲ್ಲಿ (೨೦೦೪) ಅಂತರ್ಯುದ್ಧದ ನಾಡಿನ ಬಾಡಿಗೆ ಯೋಧೆಯೂ ದೂರದ ನೆಮ್ಮದಿಯ ನಾಡಿನ ವಿದ್ಯಾರ್ಥಿನಿಯೂ ಬಾಲ್ಯದ ಒಂದು ಗುಂಡಿನೇಟಿಗೆ ಸೀಳಿಹೋದ ಒಂದೇ ವ್ಯಕ್ತಿತ್ವದ ಚೂರುಗಳು. ‘ಎಲ್ ಕಸಾದೊರ್ ದೆ ಲಾ ಬ್ರುಹಾ’ದಲ್ಲಿ (೨೦೦೭) ಬಹುಮಾನಕ್ಕಾಗಿ ಬೇಟೆಯಾಡುವ ನಾದಿಯೆ, ಪ್ರಯೋಗಶಾಲೆಯ ಸೃಷ್ಟಿಯಾದ ಎಲ್ಲಿಸ್‌ಳನ್ನು ಹಿಡಿದುಕೊಡುವ ಬದಲು ಅವಳ ಸಹಪಯಣಿಗಳಾಗುತ್ತಾಳೆ. ಮೂರರಲ್ಲೂ ಹೆಣ್ಣುಗಳಿಬ್ಬರ ನಂಟೇ ಬಂದೂಕಿನ ತರ್ಕವನ್ನು ಮುರಿಯುತ್ತದೆ.

‘ನುವಾರ್’ನ ನಿರ್ಣಾಯಕ ಕ್ಷಣವೂ ಗುಂಡು ಹಾರಿಸುವುದರಲ್ಲಿಲ್ಲ. ಒಪ್ಪಂದದಂತೆ ಕೊಲ್ಲಬೇಕಾಗಿದ್ದ ಮಿರೇಯ್, ಅಗ್ನಿಕೂಪಕ್ಕೆ ಜಾರುತ್ತಿರುವ ಕಿರಿಕಾಳ ಕೈಹಿಡಿದು ಮೇಲೆಳೆಯುತ್ತಾಳೆ. ತನ್ನವರನ್ನು ಕೊಂದ ಕೈ ಅದೆಂದು ಅರಿತೇ ಹಿಡಿಯುತ್ತಾಳೆ. ಆಯುಧವನ್ನು ಇತರರು ಕೊಟ್ಟಿರಬಹುದು. ಈ ಆಯ್ಕೆ ಮಾತ್ರ ಅವಳದೇ. ಜನಪ್ರಿಯ ಕಥನಗಳ ಅಧ್ಯಯನಕ್ಕೆ ತೊಡಗುವ ನಮ್ಮ ಸಂಶೋಧಕರು ಸಬಲೀಕರಣದ ಅಳತೆಗೋಲನ್ನು ಆಯುಧದ ಬಳಿ ಇಡದೆ, ಇಂಥ ಆಯ್ಕೆಯ ಬಳಿ ಇಟ್ಟು ನೋಡುವುದು ಅಗತ್ಯ.