ಬೋನ್ಸಾಯ್‌ಗೂ ಹವೆಗೊಪ್ಪುವ ಮರವೇ ಬೇಕು

ಕರಾವಳಿಯ ಪೇಟೆಗಳಲ್ಲಷ್ಟೇ ಅಲ್ಲದೆ ಹಳ್ಳಿಮನೆಗಳ ಅಂಗಳದಲ್ಲೂ ಈಗ ಬೋನ್ಸಾಯ್ ಕುಂಡಗಳು ಕಾಣಸಿಗುತ್ತವೆ. ಮರವನ್ನು ಆಳವಿಲ್ಲದ ಕುಂಡದಲ್ಲಿ ಬೆಳೆಸಿ, ಬೇರು ಕತ್ತರಿಸಿ, ರೆಂಬೆ ಸವರಿ ಕುಬ್ಜವಾಗಿರಿಸುವ ಈ ಕಲೆ ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆಯಿತು. ಕಲೆಯೊಡನೆ ಆ ದೇಶಗಳ ಮರಗಳ ಮೋಹವೂ ನಮ್ಮಲ್ಲಿಗೆ ಬಂದಿತು. ಹೊಸಬರು ಚಿತ್ರದಲ್ಲಿ ಕಂಡ ಪೈನ್, ಮೇಪಲ್, ಜುನಿಪರ್ ಗಿಡಗಳನ್ನೇ ಹುಡುಕಿ, ಹೆಚ್ಚು ಬೆಲೆ ತೆತ್ತು ತರುತ್ತಾರೆ. ಗಿಡ ಸೊರಗಿ ಸತ್ತಾಗ ತಮ್ಮ ಕೈಗುಣವೇ ಸರಿಯಿಲ್ಲವೆಂದು ಹವ್ಯಾಸವನ್ನೇ ಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ತಪ್ಪಿರುವುದು ಗಿಡದ ಆಯ್ಕೆಯಲ್ಲಿ.

ಮೇಪಲ್‌ನಂಥ ಶೀತ ಪ್ರದೇಶದ ಮರಗಳಿಗೆ ಚಳಿಗಾಲದ ವಿಶ್ರಾಂತಿ ಅಗತ್ಯ. ಕರಾವಳಿಯಲ್ಲಿ ಜನವರಿಯ ರಾತ್ರಿಯಲ್ಲೂ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ವಿಶ್ರಾಂತಿಯಿಲ್ಲದೆ ದಣಿದ ಗಿಡ ಈ ತೇವದಲ್ಲಿ ಬೇರುಕೊಳೆತಕ್ಕೆ ಸುಲಭವಾಗಿ ತುತ್ತಾಗುತ್ತದೆ. ಬೆಟ್ಟು, ಮಜಲು, ಬೈಲು ಎಂದು ಗದ್ದೆ ನೋಡಿ ಭತ್ತದ ತಳಿ ಆರಿಸುವ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಯಾವ ಗಿಡ ಸೂಕ್ತ?

ಹೊಸಬರಿಗೆ ನಾನು ಮೊದಲು ಹೇಳುವುದು ಗೋಳಿಯ ಕುಟುಂಬವನ್ನು. ಗೋಳಿ, ಬಸರಿ, ಅರಳಿ ಇವೆಲ್ಲ ನಮ್ಮ ಸೆಕೆ ಮತ್ತು ಮಳೆಗೆ ಒಗ್ಗಿದ ಮರಗಳು. ಬೇರು ಕತ್ತರಿಸಿದರೂ ಬೇಗನೆ ಹೊಸ ಬೇರು ಬಿಡುತ್ತವೆ. ಬೋಳಾಗಿ ಸವರಿದರೂ ಚಿಗುರುತ್ತವೆ. ಹಕ್ಕಿಗಳ ಹಿಕ್ಕೆಯಿಂದ ಬಾವಿಕಟ್ಟೆ, ಕೆಂಪುಕಲ್ಲಿನ ಗೋಡೆಗಳಲ್ಲಿ ಇವು ತಾವಾಗಿಯೇ ಹುಟ್ಟುತ್ತವೆ. ಗೋಡೆ ಉಳಿಯಬೇಕಾದರೆ ಅವನ್ನು ಹೇಗೂ ಕೀಳಲೇಬೇಕು. ಬೇರುಸಹಿತ ಬಿಡಿಸಿಕೊಂಡರೆ ಖರ್ಚಿಲ್ಲದೆ ಗಿಡ ಸಿಕ್ಕಂತಾಯಿತು. ಕಾಡಿನಿಂದ ಮಾತ್ರ ಕಿತ್ತು ತರಬಾರದು. ಗೋಳಿ, ಅರಳಿಗಳ ಎಲೆ ದೊಡ್ಡದು. ಚಿಕ್ಕ ಕುಂಡಕ್ಕೆ ಫೈಕಸ್ ಮೈಕ್ರೊಕಾರ್ಪ ಎಂಬ ಸಣ್ಣ ಎಲೆಯ ಜಾತಿ ಒಪ್ಪುತ್ತದೆ.

ಎರಡನೆಯದು ಕಾಗದದ ಹೂ, ಅಂದರೆ ಬೋಗನ್‌ವಿಲ್ಲ. ಬಲಿತ ಕಾಂಡದ ತುಂಡಿನಿಂದ ಇದನ್ನು ಬೆಳೆಸಬಹುದು. ಮೂರನೆಯದು ಹುಣಸೆ. ಬೀಜದಿಂದ ಸುಲಭವಾಗಿ ಹುಟ್ಟುವ ಇದರ ಎಲೆ ಸ್ವಭಾವತಃ ಸಣ್ಣದು. ಇವೆರಡಕ್ಕೂ ತುಂಬು ಬಿಸಿಲು ಬೇಕು. ನೀರು ನಿಂತರೆ ಸಹಿಸವು. ಆದ್ದರಿಂದ ಜಡಿಮಳೆಯ ದಿನಗಳಲ್ಲಿ ಬೆಳಕು ಬೀಳುವ ಸೂರಿನಡಿ ಇಡುವುದು ಮೇಲು. ಸುಲಭವೆಂದು ಮಾರುವ ಜೇಡ್ ಗಿಡದ ಕಾಂಡದಲ್ಲಿ ನೀರು ತುಂಬಿರುತ್ತದೆ. ಒಣ ಹವೆಯ ಊರುಗಳಿಗೆ ಅದು ಸರಿ, ಬಯಲಲ್ಲಿಟ್ಟರೆ ಕರಾವಳಿಯ ಮಳೆಗೆ ಕೊಳೆಯುತ್ತದೆ.

ಮಣ್ಣು, ನೀರು

ತೋಟದ ಮಣ್ಣನ್ನಷ್ಟೇ ಕುಂಡಕ್ಕೆ ತುಂಬಬಾರದು. ಮಳೆಯಲ್ಲಿ ಅದು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದಂತಾಗುತ್ತದೆ. ಜರಡಿ ಹಿಡಿದು ಧೂಳು ತೆಗೆದ ಇಟ್ಟಿಗೆ ಚೂರು ಎರಡು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಬೆರೆಸಿದರೆ ಸಾಕು. ಕುಂಡದ ತಳದಲ್ಲಿ ತೂತುಗಳಿರಲೇಬೇಕು. ಗೋಳಿ ಜಾತಿಯ ಕುಂಡ ಬದಲಿಸಲು ಮಳೆ ಹಿಡಿಯುವ ಜೂನ್ ಒಳ್ಳೆಯ ಕಾಲ. ಬೇಸಗೆಯಲ್ಲಿ ಆಳವಿಲ್ಲದ ಕುಂಡ ಬೇಗ ಒಣಗುವುದರಿಂದ ದಿನಕ್ಕೆ ಎರಡು ಬಾರಿ ನೀರು ಬೇಕಾಗಬಹುದು. ಬೆರಳಿಟ್ಟು ಹಸಿ ನೋಡಿ ಕೊಡುವುದೇ ಸರಿಯಾದ ಕ್ರಮ. ಬೋನ್ಸಾಯ್ ಎಷ್ಟು ಚಿಕ್ಕದಾದರೂ ಮರವೇ. ಮನೆಯೊಳಗಿನ ಕತ್ತಲ ಮೂಲೆ ಅದಕ್ಕೆ ಸಲ್ಲದು.

ಇದು ಮರಕ್ಕೆ ಕೊಡುವ ಹಿಂಸೆಯೆಂಬ ಆಕ್ಷೇಪವೂ ಇದೆ. ಮಲ್ಲಿಗೆಯನ್ನು ನಾವು ಸವರುವುದಿಲ್ಲವೇ? ಹೊತ್ತಿಗೆ ನೀರು ಗೊಬ್ಬರ ಪಡೆದು, ಹದವರಿತು ಸವರಿಸಿಕೊಂಡ ಗಿಡ ಹತ್ತಾರು ವರ್ಷ ಬಾಳುತ್ತದೆ. ಒಗ್ಗದ ಹವೆಗೆ ತಂದು ಒಂದೆರಡು ವರ್ಷದಲ್ಲಿ ಸಾಯಗೊಡುವುದೇ ನಿಜವಾದ ಹಿಂಸೆ.

ಇದರಿಂದ ದಿಢೀರ್ ಆದಾಯ ಬರುತ್ತದೆಂದು ನಾನು ಹೇಳಲಾರೆ. ಕಾಂಡ ದಪ್ಪವಾಗಿ ಕುಂಡಕ್ಕೆ ಒಪ್ಪುವ ರೂಪ ಬರಲು ಹಲವು ವರ್ಷ ಬೇಕು. ಆದರೆ ಈಗಾಗಲೇ ಸಸ್ಯಪಾಲನೆಯಲ್ಲಿ ತೊಡಗಿರುವ ರೈತರು ಅಡಿಕೆ, ತೆಂಗಿನ ಸಸಿಗಳ ಪಕ್ಕದ ಒಂದು ಸಾಲನ್ನು ಗೋಳಿ, ಬಸರಿಗಳಿಗೆ ಮೀಸಲಿಡಬಹುದು. ಹತ್ತಿರದಲ್ಲೇ ಒಗ್ಗುವ ಗಿಡ ದೊರೆತರೆ ಹೊಸಬರು ಒಗ್ಗದ ಗಿಡಕ್ಕೆ ಹಣ ಕಳೆಯುವುದು ತಪ್ಪೀತು. ಆ ಹಣ ಬೆಳೆದವನ ಕೈಸೇರೀತು.