ಖಾಲಿ ಕಾರಿಡಾರ್ ಬೇಸರವಲ್ಲ

ಖಾಲಿ ಕಾರಿಡಾರಿನ ಫೋಟೊ ಹಾಕಿದರೆ ಸಾಕು, ‘ಏನೋ, ಬೇಜಾರಾ?’ ಎನ್ನುತ್ತಾರೆ ಗೆಳೆಯರು. ಜನರಿಲ್ಲದ ಕಟ್ಟಡವೆಂದರೆ ಒಂಟಿತನ ಎಂದೇಕೆ ಅಂದುಕೊಳ್ಳಬೇಕು? 1838ರಲ್ಲಿ ಡಾಗೇರ್ ತೆಗೆದ ಪ್ಯಾರಿಸ್ ಬೀದಿಯ ಚಿತ್ರ ನೋಡಿ. ಗಿಜಿಗುಡುವ ರಸ್ತೆ ಅದರಲ್ಲಿ ಬಿಕೋ ಎನ್ನುತ್ತದೆ. ಎಕ್ಸ್‌ಪೋಷರ್‌ಗೆ ಹಲವು ನಿಮಿಷ ಬೇಕಿದ್ದರಿಂದ ಓಡಾಡುತ್ತಿದ್ದ ಜನ, ಗಾಡಿಗಳು ಮೂಡಲೇ ಇಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಕದಲದೆ ನಿಂತವನೊಬ್ಬ ಮಾತ್ರ ಸ್ಪಷ್ಟವಾಗಿ ಉಳಿದ.

ಹಾಸ್ಟೆಲಿನ ಒಂಟಿತನವೂ ಹೀಗೆಯೇ. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಕಾರಿಡಾರ್ ತುಂಬ ಜನ. ಎಲ್ಲರೂ ‘ಏನ್ ಮಚ್ಚಾ’ ಎಂದು ದಾಟಿಹೋಗುವವರೇ, ಎರಡು ನಿಮಿಷ ನಿಲ್ಲುವವರಿಲ್ಲ. ಆಗ ಕಾಡುವ ಒಂಟಿತನ ಯಾವ ಕ್ಯಾಮೆರಾಕ್ಕೂ ಸಿಗದು. ಎಲ್ಲರೂ ಊರಿಗೆ ಹೋದ ಮೇಲೆ ನಾನು ತೆಗೆಯುವ ಚಿತ್ರಗಳಲ್ಲಿ ಇರುವುದು ನೆಮ್ಮದಿ. ಮೆಸ್ ಮುಚ್ಚಿರುತ್ತದೆ, ಅದೊಂದೇ ತಕರಾರು.