ಮರೆಯೂ ಮರ್ಯಾದೆಯೂ

ಹಕ್ಕಿಯ ಚಿತ್ರ ತೆಗೆಯಲು ಕಟ್ಟುವ ಮರೆಗೆ ಹೆಚ್ಚಿನ ಸಾಮಗ್ರಿ ಬೇಡ. ನಾಲ್ಕು ಗಳ, ಮಾಸಿದ ಬಟ್ಟೆ, ಕ್ಯಾಮೆರಾದ ಮಸೂರ ತೂರುವಷ್ಟು ಕಿಂಡಿ, ಇಷ್ಟಿದ್ದರೆ ಸಾಕು. ಉಳಿದದ್ದು ಒಳಗೆ ಕುಳಿತವರ ತಾಳ್ಮೆ. ಮನುಷ್ಯನ ಆಕಾರ ಕಣ್ಮರೆಯಾಗಿ ಸದ್ದಡಗಿದ ಮೇಲೆ ಪೊದೆಯ ಕಿರುಹಕ್ಕಿಗಳು ತಮ್ಮ ಪಾಡಿಗೆ ತಾವು ಹೊರಬರುತ್ತವೆ. ಹಕ್ಕಿಯನ್ನು ಬೆನ್ನಟ್ಟುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಆ ಮರೆಯನ್ನು ಎಲ್ಲಿ ಕಟ್ಟುತ್ತೇವೆ ಎಂಬುದೇ ಪ್ರಶ್ನೆ.

ನೀರಿನ ಬಳಿ ಕಟ್ಟಿದರೆ ಹಕ್ಕಿಗೆ ಆಯ್ಕೆ ಉಳಿದಿರುತ್ತದೆ. ಉತ್ತರ ಕನ್ನಡದ ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್‌ನಲ್ಲಿ ನೀರಿನ ತೊಟ್ಟಿಗಳೆದುರು ಕುಳಿತೇ ಅನೇಕರು ಕಾಡುಹಕ್ಕಿಗಳ ಸೊಗಸಾದ ಚಿತ್ರ ತೆಗೆದಿದ್ದಾರೆ. ಅನುಮಾನ ಬಂದ ಹಕ್ಕಿ ಹಾರಿಹೋಗಿ ಮತ್ತೆಲ್ಲೋ ನೀರು ಕುಡಿಯುತ್ತದೆ.

ಗೂಡಿನ ಬಳಿ ಹಾಗಲ್ಲ. ಮೊಟ್ಟೆಗೆ ಕಾವು ಕೊಡುತ್ತಿರುವ ರಾಜಹಕ್ಕಿ ಬೇರೆಲ್ಲಿಗೆ ಹೋದೀತು? ಚಿತ್ರ ಸ್ವಚ್ಛವಾಗಿ ಬರಲೆಂದು ಅಡ್ಡವಿರುವ ಎರಡು ರೆಂಬೆ ಕಡಿದರೆ ಗೂಡು ಬಿಸಿಲಿಗೂ ಮಳೆಗೂ ತೆರೆದುಕೊಳ್ಳುತ್ತದೆ, ಮಟಪಕ್ಷಿಯ ಕಣ್ಣಿಗೂ ಬೀಳುತ್ತದೆ. ನಮ್ಮ ಮರೆ ಭದ್ರವಾಗಿ ನಿಂತಿರುತ್ತದೆ, ಹಕ್ಕಿಯ ಮರೆ ಹರಿದುಹೋಗಿರುತ್ತದೆ.

ಇಂಗ್ಲೆಂಡಿನ ಪ್ರಸಿದ್ಧ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಬೆಯ ಚಿತ್ರಕ್ಕೆಂದು ಮರೆಯ ಕಡೆಗೆ ಹೋಗುವಾಗ ಅದು ಎರಗಿ ಒಂದು ಕಣ್ಣು ಕಳೆದುಕೊಂಡರು. ಕಿರುಹಕ್ಕಿಗೆ ಅಂಥ ಉಗುರಿಲ್ಲ. ಅದು ಸದ್ದಿಲ್ಲದೆ ಗೂಡು ತೊರೆದು ಹೋಗುತ್ತದೆ, ಚಿತ್ರ ತೆಗೆದವರಿಗೆ ಅದು ತಿಳಿಯುವುದೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಕ್ಕಿಯ ಗೂಡು, ಮೊಟ್ಟೆಗಳನ್ನು ಕದಡುವುದನ್ನೂ 'ಬೇಟೆ'ಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕೋವಿ ಹಿಡಿದವನು ಮಾತ್ರ ಬೇಟೆಗಾರನಲ್ಲ.

ಈ ವಿಚಾರದಲ್ಲಿ ನಮ್ಮ ಹಳ್ಳಿಗರ ಹೊಣೆ ದೊಡ್ಡದು. ಮುಂಗಾರು ಹಿಡಿಯುತ್ತಲೇ ಮೂರು ಬೆರಳಿನ ಕಿರುಮಿಂಚುಳ್ಳಿ ಯಾವ ಧರೆಯಲ್ಲಿ ಬಿಲ ಕೊರೆಯುತ್ತದೆ ಎಂಬುದು ದನ ಕಾಯುವವರಿಗೆ ಗೊತ್ತು, ಪೇಟೆಯಿಂದ ಕಾರಿನಲ್ಲಿ ಬರುವವರಿಗೆ ಗೊತ್ತಿಲ್ಲ. ಗೂಡು ತೋರಿಸಿದರೆ ಹಣ ಎಂಬ ಆಮಿಷ ಹುಟ್ಟುವುದು ಇಲ್ಲಿಯೇ. ಊರಿನ ಯುವಕರಿಗೆ ಸಂಪಾದನೆ ಬೇಡವೇ ಎಂದು ಕೇಳುವುದು ನ್ಯಾಯವೇ. ಅದಕ್ಕೆ ನಮ್ಮ ಉತ್ತರವಿಷ್ಟೆ: ಗೂಡು ಮಾರಿದರೆ ಒಂದು ಋತುವಿನ ಗಳಿಕೆ, ತೋಟದಂಚಿನಲ್ಲಿ ನೀರಿನ ತೊಟ್ಟಿಯಿಟ್ಟು, ದಿನವೂ ತೊಳೆದು ತುಂಬಿಸಿ, ದೂರದಲ್ಲಿ ಮರೆ ಕಟ್ಟಿಕೊಟ್ಟರೆ ಪ್ರತಿ ಬೇಸಿಗೆಯೂ ಗಳಿಕೆ.

ವಿದ್ಯಾರ್ಥಿಗಳೇ, ಕ್ಯಾಮೆರಾ ಇಲ್ಲವೆಂದು ಕೊರಗಬೇಡಿ. ಮರೆಯಲ್ಲಿ ಒಂದು ಗಂಟೆ ಅಲುಗಾಡದೆ ಕುಳಿತು, ಬಂದ ಹಕ್ಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗೂಡು ಕಂಡರೆ ಮಾತ್ರ ಏನನ್ನೂ ಮುಟ್ಟದೆ ಹಿಂದೆ ಸರಿಯಿರಿ. ಅದು ಎಲ್ಲಿದೆ ಎಂಬುದನ್ನು ಯಾರಿಗೂ ಹೇಳಬೇಡಿ.